ನೀರು ಒಯ್ದಲ್ಲಿಗೆ

ಡ್ರಿಫ್ಟ್ ಡೈವಿಂಗಿಗೆ ಇಳಿಯುವವರು ಮೊದಲು ಬಿಡಬೇಕಾದ ಅಭ್ಯಾಸ ಈಜುವುದು. ಈಜು ಬಲ್ಲವರಿಗೆ ಇದು ಸುಲಭವಲ್ಲ. ನೀರು ಮೈಗೆ ತಾಗಿದೊಡನೆ ಕೈಕಾಲು ತಾವಾಗಿ ಆಡತೊಡಗುತ್ತವೆ. ಆದರೆ ಹವಳದ ಗೋಡೆಯ ಪಕ್ಕದಲ್ಲಿ, ಹತ್ತಿಪ್ಪತ್ತು ಮೀಟರ್ ಆಳದಲ್ಲಿ, ಕಡಲಿನ ಸೆಳವು ನಮ್ಮನ್ನು ಎತ್ತಿಕೊಂಡು ಹೊರಟ ಮೇಲೆ ಕೈಗೆ ಯಾವ ಕೆಲಸವೂ ಇಲ್ಲ, ಕಾಲಿಗೆ ಇರುವುದೂ ಅಷ್ಟಕ್ಕಷ್ಟೆ. ಎರಡೂ ಕೈಯನ್ನು ಎದೆಗೆ ಕಟ್ಟಿಕೊಂಡು ಉಸಿರಾಡುತ್ತ, ನೋಡುತ್ತ ಸಾಗಬೇಕು. ಮೇಲೆ ದೋಣಿ ನಮ್ಮ ಗುಳ್ಳೆಗಳ ಜಾಡು ಹಿಡಿದು ಹಿಂಬಾಲಿಸುತ್ತದೆ. ಧುಮುಕುವುದು ಒಂದು ಕಡೆ, ಏಳುವುದು ಇನ್ನೊಂದು ಕಡೆ. ಧುಮುಕಿದ ಜಾಗಕ್ಕೆ ಮರಳಬೇಕೆಂಬ ಲೆಕ್ಕವೇ ಈ ಡೈವಿನಲ್ಲಿ ಇಲ್ಲ.

ನಾನು ಬೆಳೆದದ್ದು ಶರಾವತಿ ಕಡಲು ಸೇರುವ ಹೊನ್ನಾವರದ ಕಡೆ. ಅಳಿವೆಯ ಹತ್ತಿರ ಬೆಳೆಯುವ ಮಕ್ಕಳಿಗೆ ಹಿರಿಯರು ಕಲಿಸುವ ಮೊದಲ ಪಾಠವೇ ಸೆಳವಿಗೆ ಅಂಜುವುದು. "ಇಳಿತದ ಹೊತ್ತಿಗೆ ಅಳಿವೆ ಬಾಯಿಗೆ ಹೋಗ್ಬೇಡ ಮಗಾ, ನೀರು ಹೊರಗೆ ಒಯ್ತದೆ" ಎಂದು ಅಜ್ಜಿ ಹೇಳುತ್ತಿದ್ದಳು. ಆ ಮಾತು ಇಂದಿಗೂ ಸರಿ. ನದಿಯ ನೀರೂ ಇಳಿತದ ನೀರೂ ಒಟ್ಟಾಗಿ ಹೊರಗೆ ನುಗ್ಗುವಾಗ ಎಂಥ ಈಜುಗಾರನ ತೋಳೂ ಸೋಲುತ್ತದೆ. ಹಾಗಾಗಿ ದೊಡ್ಡವಳಾದ ಮೇಲೆ ಮುರುಡೇಶ್ವರದಿಂದ ದೋಣಿ ಹತ್ತಿ ನೇತ್ರಾಣಿ ಗುಡ್ಡದ ಸುತ್ತ ಡೈವಿಂಗ್ ಕಲಿಯುವಾಗಲೂ ನನ್ನ ಕಣ್ಣು ಮೊದಲು ಹುಡುಕುತ್ತಿದ್ದುದು ನೀರು ಯಾವ ಕಡೆ ಎಳೆಯುತ್ತಿದೆ ಎಂಬುದನ್ನೇ. ನೇತ್ರಾಣಿಯಲ್ಲಿ ಬಂಡೆಗಳ ಇಳಿಜಾರಿದೆ, ಅದರ ಬುಡಕ್ಕೆ ತಳವಿದೆ. ತಳ ಕಂಡರೆ ಮನಸ್ಸಿಗೆ ಒಂದು ನೆಲೆ. ಆ ನೆಲೆಯೂ ಇಲ್ಲದ ಕಡೆ, ಸೆಳವನ್ನೇ ನಂಬಿ ಹೋಗುವುದು ಹೇಗೆಂದು ಕಲಿತದ್ದು ಬುನಾಕೆನ್‌ನಲ್ಲಿ.

ಇಂಡೋನೇಷ್ಯಾದ ಸುಲಾವೆಸಿ ದ್ವೀಪದ ಉತ್ತರದ ತುದಿಯಲ್ಲಿ ಮನಾಡೊ ಎಂಬ ನಗರವಿದೆ. ಅದರೆದುರಿಗೆ ಕಡಲಲ್ಲಿ ಐದು ದ್ವೀಪಗಳು: ಬುನಾಕೆನ್, ಸಿಲಾಡೆನ್, ಮನಾಡೊ ತುವಾ, ಮಾಂತೆಹಾಗೆ, ನೈನ್. ಇವುಗಳ ಸುತ್ತಲ ಕಡಲನ್ನೂ ಎದುರಿನ ಕರಾವಳಿಯ ಒಂದಿಷ್ಟು ಭಾಗವನ್ನೂ ಸೇರಿಸಿ 1991ರಲ್ಲಿ ರಾಷ್ಟ್ರೀಯ ಉದ್ಯಾನ ಮಾಡಿದರು. ಒಟ್ಟು ಸುಮಾರು 89,000 ಹೆಕ್ಟೇರ್, ಹೆಚ್ಚಿನದೆಲ್ಲ ನೀರು. ಸಮಭಾಜಕ ವೃತ್ತಕ್ಕೆ ಎರಡು ಡಿಗ್ರಿಯೂ ದೂರವಿಲ್ಲದ ಜಾಗವಾದ್ದರಿಂದ ನೀರು ವರ್ಷವಿಡೀ ಬೆಚ್ಚಗಿರುತ್ತದೆ. ಮನಾಡೊ ತುವಾ ಕಡಲಿನಿಂದ ನೇರ ಎದ್ದ ಆರಿದ ಜ್ವಾಲಾಮುಖಿ. ದೋಣಿಯಲ್ಲಿ ಕುಳಿತಾಗ ಅದರ ಶಂಕುವಿನಾಕಾರದ ಗುಡ್ಡ ಯಾವ ದಿಕ್ಕಿಗೆ ಹೋದರೂ ಕಣ್ಣಿಗೆ ಬೀಳುತ್ತಲೇ ಇರುತ್ತದೆ. ಇಲ್ಲಿ ನೆಲ ಕಡಲೊಳಗೂ ಅಷ್ಟೇ ಕಡಿದಾಗಿ ಇಳಿಯುತ್ತದೆ. ದ್ವೀಪದ ಅಂಚಿನಲ್ಲಿ ಮೊಣಕಾಲುದ್ದ ನೀರಿನ ಹವಳದ ಬಯಲು, ಅದರ ತುದಿಯಲ್ಲಿ ಸೀದಾ ಗೋಡೆ. ದ್ವೀಪಗಳ ನಡುವಿನ ಕಡಲು ಸಾವಿರ ಮೀಟರಿಗೂ ಮಿಕ್ಕಿ ಆಳ.

ಬುನಾಕೆನ್‌ನ ದಕ್ಷಿಣದ ಮಗ್ಗುಲಲ್ಲಿ ಲೆಕುವಾನ್ ಎಂಬ ಗೋಡೆಯಿದೆ. ಅದರ ಉದ್ದವನ್ನು ಒಂದು, ಎರಡು, ಮೂರು ಎಂದು ಭಾಗ ಮಾಡಿ ಕರೆಯುತ್ತಾರೆ. ಯಾವ ಭಾಗದಲ್ಲಿ ಇಳಿಯಬೇಕು, ಯಾವ ದಿಕ್ಕಿಗೆ ಹೋಗಬೇಕು ಎಂಬುದನ್ನು ಹಿಂದಿನ ದಿನ ಯಾರೂ ಹೇಳುವುದಿಲ್ಲ. ದೋಣಿ ಗೋಡೆಯ ಮೇಲೆ ಬಂದ ನಂತರ ಗೈಡ್ ಮಾಸ್ಕ್ ಹಾಕಿಕೊಂಡು ನೀರಿಗೆ ಇಳಿದು ಒಂದು ಗಳಿಗೆ ಸುಮ್ಮನೆ ತೇಲುತ್ತಾನೆ. ತನ್ನ ಮೈ ಎತ್ತ ಸರಿಯಿತು, ಎಷ್ಟು ಬೇಗ ಸರಿಯಿತು ನೋಡಿಕೊಂಡು ದೋಣಿಯವನಿಗೆ ಕೈಯಲ್ಲೇ ದಿಕ್ಕು ತೋರಿಸುತ್ತಾನೆ. ಚಂದ್ರನ ತಿಥಿ, ಉಬ್ಬರ ಇಳಿತದ ಹೊತ್ತು ಎಲ್ಲ ಗೊತ್ತಿದ್ದರೂ ಆ ಹೊತ್ತಿನ ನೀರನ್ನು ಮೈಯಿಂದಲೇ ಮುಟ್ಟಿ ನೋಡದೆ ಅವನು ನಿರ್ಧಾರ ಮಾಡುವುದಿಲ್ಲ. ಗೋಡೆಯ ಒಂದೇ ಜಾಗದಲ್ಲಿ ಬೆಳಿಗ್ಗೆ ಪಡುವಣಕ್ಕೆ ಹರಿದ ನೀರು ಮಧ್ಯಾಹ್ನ ಮೂಡಣಕ್ಕೆ ಹರಿಯಬಹುದು. ನನಗೆ ಈ ಎಚ್ಚರ ತುಂಬ ಹಿಡಿಸಿತು. ನಮ್ಮೂರ ಮೀನುಗಾರರು ದೋಣಿ ತಳ್ಳುವ ಮೊದಲು ದಂಡೆಯಲ್ಲಿ ನಿಂತು ನೀರನ್ನು ನೋಡುವುದೂ ಇದೇ ಎಚ್ಚರದಿಂದ.

ಎಲ್ಲರೂ ಒಟ್ಟಿಗೇ ಇಳಿಯಬೇಕು. ಒಬ್ಬರು ಹಿಂದುಳಿದರೆ ಅಷ್ಟರಲ್ಲಿ ಉಳಿದವರನ್ನು ನೀರು ಮುಂದೆ ಒಯ್ದಿರುತ್ತದೆ. ದೋಣಿಯ ಎರಡೂ ಅಂಚಿನಲ್ಲಿ ಕುಳಿತು, ರೆಗ್ಯುಲೇಟರನ್ನು ಬಾಯಿಗಿಟ್ಟು, ಮಾಸ್ಕನ್ನು ಅಂಗೈಯಲ್ಲಿ ಒತ್ತಿ ಹಿಡಿದು, ಗೈಡಿನ ಎಣಿಕೆಗೆ ಹಿಮ್ಮುಖವಾಗಿ ಉರುಳುತ್ತೇವೆ. ಒಂದು ಕ್ಷಣ ಬಿಳಿ ನೊರೆ, ನಂತರ ನೀಲಿ. ಕೆಳಗಿಳಿಯುತ್ತಿದ್ದಂತೆ ಒಂದು ಕಡೆ ಗೋಡೆ ಮೇಲಕ್ಕೆ ಬೆಳೆಯುತ್ತ ಹೋಗುತ್ತದೆ. ಇನ್ನೊಂದು ಕಡೆ ಏನೂ ಇಲ್ಲ. ಆ ಏನೂ ಇಲ್ಲದ ನೀಲಿಯನ್ನು ಮೊದಲ ಸಲ ನೋಡಿದವರಿಗೆ ಗೋಡೆಯ ಕಡೆಗೇ ಮುಖ ಮಾಡಿಕೊಂಡಿರೋಣ ಅನ್ನಿಸುವುದು ಸಹಜ. ಕಾಲ ಕೆಳಗೆ ನೋಡಿದರೆ ತಿಳಿನೀಲಿ, ಕಡುನೀಲಿ, ಅದರಾಚೆ ಕಪ್ಪು. ಬೀಳುತ್ತೇನೆಂಬ ಭಯ ಮೈಯಲ್ಲಿ ಏಳುತ್ತದೆ, ಆದರೆ ಮೈ ಬೀಳುವುದಿಲ್ಲ. ಉಸಿರು ತುಂಬಿಕೊಂಡರೆ ಒಂದಿಷ್ಟು ಏರುತ್ತದೆ, ಬಿಟ್ಟರೆ ಒಂದಿಷ್ಟು ಇಳಿಯುತ್ತದೆ. ಬೆನ್ನಿಗೆ ಕಟ್ಟಿದ ಬಿಸಿಡಿ ಜಾಕೆಟಿನಲ್ಲಿ ಎಷ್ಟು ಗಾಳಿ ಇರಬೇಕೆಂದು ಸರಿಪಡಿಸಿಕೊಂಡ ನಂತರ ಏರಿಳಿತವೆಲ್ಲ ಶ್ವಾಸಕೋಶದ ಕೆಲಸ. ಗಾಳಿಯನ್ನು ಬಿಗಿಹಿಡಿಯಬಾರದು ಎಂಬುದೊಂದೇ ಕಟ್ಟುನಿಟ್ಟಿನ ನಿಯಮ. ಒತ್ತಡದಲ್ಲಿ ಎಳೆದುಕೊಂಡ ಗಾಳಿ ಮೇಲೇರುವಾಗ ಹಿಗ್ಗುತ್ತದೆ. ಬಿಗಿಹಿಡಿದರೆ ಶ್ವಾಸಕೋಶಕ್ಕೇ ಅಪಾಯ.

ಸೆಳವು ನಮ್ಮನ್ನು ಹಿಡಿದದ್ದು ಮೈಗೆ ತಿಳಿಯುವುದಿಲ್ಲ. ನೀರಿನ ಜೊತೆಗೇ ಸಾಗುತ್ತಿರುವುದರಿಂದ ಮೈಗೆ ಬಡಿಯುವ ನೀರು ಇಲ್ಲ. ಪಕ್ಕದ ಗೋಡೆ ಹಿಂದೆ ಸರಿಯುವುದರಿಂದಲೇ ನಾವು ಹೋಗುತ್ತಿದ್ದೇವೆಂದು ಗೊತ್ತಾಗಬೇಕು. ಒಂದು ನಾಟ್ ಎಂದರೆ ಸೆಕೆಂಡಿಗೆ ಸುಮಾರು ಅರ್ಧ ಮೀಟರ್. ಹೇಳಿಕೊಳ್ಳುವಷ್ಟು ವೇಗವಲ್ಲ. ಆದರೂ ಮುಕ್ಕಾಲು ಗಂಟೆಯಲ್ಲಿ ಗೋಡೆಯ ಕಿಲೋಮೀಟರಿಗೂ ಮಿಕ್ಕಿದ ಉದ್ದ ಕಣ್ಣ ಮುಂದೆ ಹಾದುಹೋಗಿರುತ್ತದೆ. ಇದರ ಎದುರು ಈಜಲು ಹೊರಟವರು ನಾಲ್ಕೇ ನಿಮಿಷದಲ್ಲಿ ಏದುಸಿರು ಬಿಡುತ್ತಾರೆ. ಮೂವತ್ತು ಮೀಟರ್ ಆಳದಲ್ಲಿ ಒತ್ತಡ ಮೇಲಿನದರ ನಾಲ್ಕು ಪಟ್ಟು, ಪ್ರತಿ ಉಸಿರಿಗೂ ಟ್ಯಾಂಕಿನಿಂದ ನಾಲ್ಕು ಪಟ್ಟು ಗಾಳಿ ಖರ್ಚು. ಅಲ್ಲಿ ದಣಿಯುವುದು ದುಬಾರಿ.

ಬುನಾಕೆನ್‌ನಲ್ಲಿ ನಾನು ಕಲಿತ ದೊಡ್ಡ ವಿದ್ಯೆಯೆಂದರೆ ಮೀನುಗಳನ್ನು ನೋಡಿ ನೀರನ್ನು ಓದುವುದು. ಗೋಡೆಯಿಂದ ಒಂದೆರಡು ಮಾರು ದೂರದಲ್ಲಿ ಕಿತ್ತಳೆ ಬಣ್ಣದ ಆಂಥಿಯಸ್ ಮೀನುಗಳು, ಹಳದಿ ಬಿಳುಪಿನ ಪಿರಮಿಡ್ ಚಿಟ್ಟೆಮೀನುಗಳು, ಕಡುನೀಲಿ ಟ್ರಿಗರ್ ಮೀನುಗಳು ಸಾವಿರಗಟ್ಟಲೆ ನೆರೆದಿರುತ್ತವೆ. ಜಾತ್ರೆಯಲ್ಲಿ ತೇರು ಬರುವ ದಿಕ್ಕಿಗೆ ಮುಖ ಮಾಡಿ ನಿಂತ ಜನರ ಹಾಗೆ ಅವೆಲ್ಲವೂ ಸೆಳವು ಬರುವ ದಿಕ್ಕಿಗೇ ತಲೆಯಿಟ್ಟು ನಿಂತಿರುತ್ತವೆ. ಹರಿವು ತರುವ ಕಣ್ಣಿಗೆ ಕಾಣದ ಜೀವಿಗಳೇ ಅವುಗಳ ಊಟ. ಬಾಲವನ್ನು ಸಣ್ಣಗೆ ಆಡಿಸುತ್ತ ಇದ್ದಲ್ಲೇ ಇದ್ದುಕೊಂಡು, ಎದುರು ಬಂದುದನ್ನು ಹೆಕ್ಕಿ ತಿನ್ನುತ್ತವೆ. ಹಿಂಡು ಗೋಡೆಯಿಂದ ದೂರಕ್ಕೆ ಹರಡಿ ಆಡುತ್ತಿದ್ದರೆ ಹರಿವು ಹದವಾಗಿದೆ. ಗೋಡೆಗೆ ಒತ್ತಿಕೊಂಡು, ಬಾಲದ ಆಟ ಬಿರುಸಾಗಿದ್ದರೆ ಹರಿವು ಜೋರು. ಒಂದು ತಿರುವಿನಲ್ಲಿ ಮೀನುಗಳೆಲ್ಲ ದಿಕ್ಕು ಬದಲಿಸಿ ನಿಂತಿದ್ದರೆ ಅಲ್ಲಿ ನೀರು ಸುತ್ತಿ ಬರುತ್ತಿದೆ ಎಂದು ತಿಳಿಯಬೇಕು.

ಮೀನುಗಳು ತಲೆ ಮೇಲೆ ಮಾಡಿ ನಿಂತದ್ದು ಕಂಡರೆ ಮಾತ್ರ ಕೂಡಲೇ ಎಚ್ಚರವಾಗಬೇಕು. ನೀರು ಗೋಡೆಗೆ ಬಡಿದು ಕೆಳಕ್ಕೆ ಹರಿಯುತ್ತಿದೆ ಎಂದು ಅದರರ್ಥ. ಒಮ್ಮೆ ಗೋಡೆಯ ಮೂಲೆಯೊಂದು ಹತ್ತಿರವಾಗುತ್ತಿದ್ದಾಗ ಗೈಡ್ ಕೈ ಅಡ್ಡ ಹಿಡಿದು ನಮ್ಮನ್ನು ತಡೆದ. ಮುಂದೆ ನೋಡಿದರೆ ಆಂಥಿಯಸ್ ಹಿಂಡು ಮೂತಿ ಮೇಲೆತ್ತಿ ನಿಂತಿತ್ತು. ಅವನು ಬಿಟ್ಟ ಉಸಿರಿನ ಸಣ್ಣ ಗುಳ್ಳೆಗಳು ಮೇಲೇರದೆ ಅಲ್ಲಿಯೇ ಸುತ್ತುತ್ತಿದ್ದವು. ಅವನು ನಮ್ಮನ್ನು ಗೋಡೆಯಿಂದ ಆಚೆಗೆ, ತೆರೆದ ನೀಲಿಗೆ ಕರೆದೊಯ್ದು, ಆ ಮೂಲೆಯನ್ನು ಬಳಸಿ ದಾಟಿಸಿದ. ಕೆಳಸೆಳವು ಗೋಡೆಯ ಪಕ್ಕದಲ್ಲೇ ಹೆಚ್ಚು ಬಲವಾಗಿರುತ್ತದೆ, ದೂರ ಸರಿದರೆ ಸಡಿಲಗೊಳ್ಳುತ್ತದೆ ಎಂಬುದು ಅವನು ಮೊದಲೇ ಕಲಿಸಿದ ಪಾಠ. ಇಲ್ಲಿ ಅಪಾಯವಿದೆ. ಅದನ್ನು ಮುಚ್ಚಿಟ್ಟು ಡ್ರಿಫ್ಟ್ ಡೈವಿಂಗ್ ಬರೀ ಆರಾಮದ ಸವಾರಿ ಎಂದು ಮಾರುವವರು ತಪ್ಪು ಮಾಡುತ್ತಾರೆ.

ಗೋಡೆಗೆ ಅಂಟಿ ಬದುಕುವ ಜೀವಿಗಳು ಓಡಾಡಲಾರವು. ಹಾಗಾಗಿ ನೀರು ಅವುಗಳ ಬಳಿಗೆ ಬರಲೇಬೇಕು. ಆಳೆತ್ತರದ ಸೀ ಫ್ಯಾನುಗಳು, ಅಂದರೆ ಬೀಸಣಿಗೆ ಹವಳಗಳು, ಹರಿವಿಗೆ ಅಡ್ಡಲಾಗಿಯೇ ಹರಡಿಕೊಳ್ಳುತ್ತವೆ. ಅವುಗಳ ಸಣ್ಣ ಕವಲುಗಳ ಮೇಲೆ ಸಾಲಾಗಿ ಪಾಲಿಪುಗಳು, ಒಂದೊಂದಕ್ಕೂ ಎಂಟು ಕರಬಳ್ಳಿ. ನೀರು ಆ ಜಾಲದ ಮೂಲಕ ಹಾದುಹೋಗುವಾಗ ತಿನ್ನಬಹುದಾದುದನ್ನು ಹಿಡಿದುಕೊಳ್ಳುತ್ತವೆ. ಬೀಸಣಿಗೆ ಎತ್ತ ಮುಖ ಮಾಡಿದೆ ನೋಡಿದರೆ ಆ ಜಾಗದಲ್ಲಿ ವರ್ಷಾನುವರ್ಷ ನೀರು ಹೇಗೆ ಹರಿದಿದೆ ಎಂದು ಹೇಳಬಹುದು. ಮೀನು ಹೇಳುವುದು ಈ ಕ್ಷಣದ ಸುದ್ದಿ, ಬೀಸಣಿಗೆ ಹೇಳುವುದು ಹಳೆಯ ಕಥೆ. ಒಬ್ಬ ಮನುಷ್ಯ ಕುಳಿತುಕೊಳ್ಳುವಷ್ಟು ದೊಡ್ಡ ಪೀಪಾಯಿ ಸ್ಪಂಜುಗಳು ಮೈಯ ರಂಧ್ರಗಳಿಂದ ನೀರನ್ನು ಒಳಗೆಳೆದು, ಸೋಸಿ, ಮೇಲಿನ ಬಾಯಿಯಿಂದ ಹೊರಬಿಡುತ್ತ ಕುಳಿತಿರುತ್ತವೆ. ಗಟ್ಟಿ ಹವಳಗಳಿಗೆ ತಮ್ಮ ಅಂಗಾಂಶದಲ್ಲಿ ಸಾಕಿಕೊಂಡ ಪಾಚಿಗಳು ಬಿಸಿಲಿನಿಂದ ಅಡಿಗೆ ಮಾಡಿಕೊಡುತ್ತವೆ. ಅಷ್ಟು ಸಾಲದೆಂದು ಅವೂ ಹರಿವಿನಲ್ಲಿ ಬಂದುದನ್ನು ಹಿಡಿಯುತ್ತವೆ. ನೀರು ನಿಂತರೆ ಈ ಗೋಡೆಯ ಊಟವೂ ನಿಲ್ಲುತ್ತದೆ. ಅಜ್ಜಿ ಅಂಜಿಸಿದ್ದ ಸೆಳವೇ ಇಷ್ಟು ಜೀವಗಳನ್ನು ಸಾಕುತ್ತಿರುವುದನ್ನು ಕಣ್ಣಾರೆ ಕಂಡ ದಿನ ಕಡಲಿನ ಬಗ್ಗೆ ನನ್ನ ಭಾವನೆ ಬೇರೆಯಾಯಿತು. ಭಯ ಹೋಗಲಿಲ್ಲ, ಹೋಗಲೂಬಾರದು. ಅದರ ಪಕ್ಕದಲ್ಲಿ ಒಂದು ಗೌರವ ಬಂದು ಕುಳಿತಿತು.

ಹರಿವಿನಲ್ಲಿ ಕೈತಪ್ಪಿ ಹೋಗುವುದೂ ಇದೆ. ಗೋಡೆಯ ಗೂಡಿನಲ್ಲಿ ದೊಡ್ಡ ಹಸಿರು ಕಡಲಾಮೆಯೊಂದು ಕಣ್ಣು ಅರೆಮುಚ್ಚಿ ಮಲಗಿರುತ್ತದೆ. ಇನ್ನೊಮ್ಮೆ ನೋಡೋಣ ಎಂದು ತಿರುಗುವಷ್ಟರಲ್ಲಿ ನೀರು ನಮ್ಮನ್ನು ಮುಂದಿನ ಗೂಡಿಗೆ ತಂದಿರುತ್ತದೆ. ಬೀಸಣಿಗೆ ಹವಳದ ಮೇಲೆ ಬೆರಳ ಉಗುರಿನಷ್ಟೇ ಇರುವ ಕುಬ್ಜ ಕಡಲಕುದುರೆಗಳು ಇರುತ್ತವೆ, ಅವನ್ನು ಹುಡುಕುವ ಪುರುಸೊತ್ತು ಈ ಡೈವಿನಲ್ಲಿ ಇಲ್ಲ. ಫೋಟೋ ತೆಗೆಯುವವರಿಗೆ ಇದು ದೊಡ್ಡ ಸಂಕಟ. ನನ್ನ ಮಟ್ಟಿಗೆ ಹೇಳುವುದಾದರೆ, ಕ್ಯಾಮೆರಾ ದೋಣಿಯಲ್ಲಿ ಬಿಟ್ಟು ಇಳಿದ ಡೈವುಗಳೇ ಮನಸ್ಸಿನಲ್ಲಿ ಉಳಿದಿವೆ. ಒಂದನ್ನು ಹಿಡಿದುಕೊಳ್ಳುವ ಹಟ ಬಿಟ್ಟಾಗ ಗೋಡೆಯ ಒಟ್ಟು ಬಾಳು ಕಾಣತೊಡಗುತ್ತದೆ: ಯಾವ ಎತ್ತರದಲ್ಲಿ ಯಾರ ವಾಸ, ಬಿಸಿಲು ಎಲ್ಲಿಯವರೆಗೆ, ನೆರಳು ಎಲ್ಲಿಂದ, ಯಾವ ಚಾಚಿನ ಅಡಿಯಲ್ಲಿ ಯಾವ ಮೀನು ಬಿಡಾರ ಹೂಡಿದೆ. ಕೆಂಪು ಬಣ್ಣ ಮೊದಲ ಕೆಲವು ಮೀಟರುಗಳಲ್ಲೇ ಕರಗಿ ಹೋಗುವುದರಿಂದ ಆಳದಲ್ಲಿ ಎಲ್ಲವೂ ನೀಲಿ ಬೂದು. ಗೈಡ್ ಟಾರ್ಚ್ ಹಚ್ಚಿದರೆ ಮಾತ್ರ ಆ ಬೂದು ಗೋಡೆ ಒಮ್ಮೆಲೇ ಕುಂಕುಮವಾಗಿ ಹೊಳೆಯುತ್ತದೆ.

ನಾವು ಇಳಿಯುವುದು ಗೋಡೆಯ ಮೇಲಂಚಿಗೆ ಮಾತ್ರ. ಅದರ ಕೆಳಗೆ ಏನಿದೆ ಎಂಬುದಕ್ಕೆ ಮನಾಡೊದವರ ಬಳಿ ಒಂದು ಅಪೂರ್ವ ಪುರಾವೆಯಿದೆ. ಕೋಟ್ಯಂತರ ವರ್ಷಗಳ ಹಿಂದೆಯೇ ಅಳಿದುಹೋಯಿತೆಂದು ತಿಳಿದಿದ್ದ ಸೀಲಕಾಂತ್ ಎಂಬ ಮೀನು 1938ರಲ್ಲಿ ದಕ್ಷಿಣ ಆಫ್ರಿಕಾದ ಕಡಲಲ್ಲಿ ಜೀವಂತ ಸಿಕ್ಕಿ ಜಗತ್ತನ್ನು ಬೆರಗುಗೊಳಿಸಿತ್ತು. 1997ರಲ್ಲಿ ಮನಾಡೊದ ಮೀನು ಮಾರುಕಟ್ಟೆಯಲ್ಲಿ ಅದೇ ಬಗೆಯ ಮೀನನ್ನು ಗಾಡಿಯ ಮೇಲೆ ಕಂಡದ್ದು ಅಮೆರಿಕದ ಜೀವವಿಜ್ಞಾನಿ ಮಾರ್ಕ್ ಎರ್ಡ್‌ಮನ್ ಮತ್ತು ಅವರ ಪತ್ನಿ. ಮರುವರ್ಷ ಮನಾಡೊ ತುವಾ ದ್ವೀಪದ ಮೀನುಗಾರರ ಆಳದ ಬಲೆಯಲ್ಲಿ ಇನ್ನೊಂದು ಸಿಕ್ಕಿತು. ವಿಜ್ಞಾನ ಅದನ್ನು ಹೊಸ ಪ್ರಭೇದವೆಂದು 1999ರಲ್ಲಿ ಹೆಸರಿಸಿತು. ಅಲ್ಲಿನ ಬೆಸ್ತರು ಮಾತ್ರ ಅದನ್ನು ಅದಕ್ಕೂ ಮುಂಚೆಯೇ ಬಲ್ಲರು, ಕಡಲರಾಜನೆಂದು ಕರೆಯುತ್ತಿದ್ದರು. ನಾವು ಕೈಕಟ್ಟಿಕೊಂಡು ತೇಲುವ ಇದೇ ಕಡಲಿನ ಕೆಳಗಿನ ಕತ್ತಲೆಯಲ್ಲಿ ಅಂಥವು ಈಗಲೂ ಇವೆ. ಬ್ರಿಟಿಷ್ ನಿಸರ್ಗವಿಜ್ಞಾನಿ ಆಲ್ಫ್ರೆಡ್ ರಸೆಲ್ ವಾಲೇಸ್ 1859ರಲ್ಲಿ ಮನಾಡೊಗೆ ಬಂದು ಈ ಸೀಮೆಯ ಹಕ್ಕಿ, ಕೀಟಗಳನ್ನು ಸಂಗ್ರಹಿಸಿದ್ದ. ಹವಳಗಳನ್ನು ಅವನು ನೋಡಿದ್ದು ದೋಣಿಯಿಂದ ಬಗ್ಗಿ. ನೀರೊಳಗೆ ಸ್ವತಂತ್ರವಾಗಿ ಉಸಿರಾಡುವ ಸಲಕರಣೆಯನ್ನು ಫ್ರಾನ್ಸಿನ ಕುಸ್ತೋ ಮತ್ತು ಗಾನ್ಯಾನ್ ರೂಪಿಸಿದ್ದು 1943ರಲ್ಲಿ. ಅಷ್ಟು ದೊಡ್ಡ ಪರಿಶೋಧಕನಿಗೆ ದಕ್ಕದ ನೋಟ ನಮ್ಮಂಥವರಿಗೆ ದಕ್ಕಿದೆ ಎಂದು ನೆನೆದರೆ ಎದೆ ತುಂಬುತ್ತದೆ.

ಡೈವಿನ ಕೊನೆಗೆ ಐದು ಮೀಟರ್ ಆಳದಲ್ಲಿ ಮೂರು ನಿಮಿಷ ನಿಲ್ಲಬೇಕು, ರಕ್ತದಲ್ಲಿ ಕರಗಿದ ಸಾರಜನಕ ನಿಧಾನವಾಗಿ ಹೊರಹೋಗಲೆಂದು. ಗೈಡ್ ಉದ್ದನೆಯ ಕಿತ್ತಳೆ ಬಣ್ಣದ ಬಲೂನಿಗೆ ಗಾಳಿ ತುಂಬಿ ದಾರದ ತುದಿಯಲ್ಲಿ ಮೇಲಕ್ಕೆ ಬಿಡುತ್ತಾನೆ. ದೋಣಿಯವನಿಗೆ ಅದೇ ಗುರುತು. ನಿಂತಲ್ಲಿಂದ ಗೋಡೆಯ ನೆತ್ತಿಯ ಹವಳದ ಬಯಲು ಕಾಣುತ್ತದೆ. 2015–16ರ ಎಲ್ ನಿನೊ ಕಾಲದಲ್ಲಿ ಈ ಭಾಗದ ಕಡಲಮಟ್ಟವೇ ಕೆಲವು ಸೆಂಟಿಮೀಟರ್ ಇಳಿದು, ಬುನಾಕೆನ್‌ನ ಬಯಲಿನ ಹವಳಗಳು ಗಾಳಿಗೆ ತೆರೆದುಕೊಂಡು ದೊಡ್ಡ ಪ್ರಮಾಣದಲ್ಲಿ ಸತ್ತವು. ನೀರು ಬಿಸಿಯಾಗಿ ಹವಳ ಬಿಳಿಚಿಕೊಳ್ಳುವುದು ಎಲ್ಲರೂ ಕೇಳಿರುವ ಸಂಗತಿ. ನೀರೇ ತಗ್ಗಿ ಹವಳ ಸಾಯಬಹುದೆಂದು ನನಗೆ ತಿಳಿದದ್ದು ಇಲ್ಲಿ. ಮನುಷ್ಯರಿಗೆ ಕೆಲವೇ ಬೆರಳುಗಳಷ್ಟು ಅಂತರ, ಹವಳಕ್ಕೆ ಅದೇ ಜೀವದ ಗೆರೆ.

ನಮ್ಮ ಬದಿಯ ಕಡಲೂ ಸುಖವಾಗಿಲ್ಲ. ಮೈಸೂರಿನ ನೇಚರ್ ಕನ್ಸರ್ವೇಷನ್ ಫೌಂಡೇಷನ್ನಿನ ಸಂಶೋಧಕರು ಲಕ್ಷದ್ವೀಪದ ಹವಳಗಳನ್ನು 1998ರಿಂದ ಬಿಡದೆ ನೋಡುತ್ತ ಬಂದಿದ್ದಾರೆ. 1998, 2010, 2016ರ ಬಿಸಿನೀರಿನ ಹೊಡೆತಗಳ ನಂತರ ಅಲ್ಲಿ ಜೀವಂತ ಹವಳದ ಹೊದಿಕೆ ಸುಮಾರು ಅರ್ಧಕ್ಕೆ ಇಳಿದಿದೆ. 2024ರ ಏಪ್ರಿಲ್‌ನಲ್ಲಿ ವಿಜ್ಞಾನಿಗಳು ಜಗತ್ತಿನ ನಾಲ್ಕನೆಯ ಮಹಾ ಬಿಳಿಚುವಿಕೆ ನಡೆಯುತ್ತಿದೆಯೆಂದು ಸಾರಿದರು. ಇದನ್ನು ಡೈವರುಗಳ ಶೋಕಿಯ ವಿಷಯವೆಂದು ತಳ್ಳಿಹಾಕುವವರನ್ನು ಕಂಡರೆ ನನಗೆ ನೋವಾಗುತ್ತದೆ. ಲಕ್ಷದ್ವೀಪದವರ ಮನೆಗಳು ನಿಂತಿರುವುದೇ ಹವಳ ಕಟ್ಟಿದ ನೆಲದ ಮೇಲೆ.

ಬುನಾಕೆನ್‌ನ ಗೋಡೆ ಇನ್ನೂ ಇಷ್ಟು ಚೆನ್ನಾಗಿರುವುದಕ್ಕೆ ಅಲ್ಲಿನ ಊರವರ ಪಾತ್ರ ದೊಡ್ಡದು. ಉದ್ಯಾನ ಘೋಷಣೆಯಾದ ಮೇಲೂ ಸಿಡಿಮದ್ದು, ಸಯನೈಡ್ ಹಾಕಿ ಮೀನು ಹಿಡಿಯುವವರ ಕಾಟ ಇತ್ತು. 2001ರಿಂದ ಬರುವವರಿಗೆ ಪ್ರವೇಶ ಶುಲ್ಕ ಹಾಕಿ, ಆ ದುಡ್ಡಿನಲ್ಲಿ ಊರಿನವರೂ ಅಧಿಕಾರಿಗಳೂ ಕೂಡಿ ಗಸ್ತು ತಿರುಗುವ ವ್ಯವಸ್ಥೆ ಮಾಡಿದರು. ಅದರ ಒಂದು ಪಾಲು ಹಳ್ಳಿಗಳ ಕೆಲಸಕ್ಕೂ ಹೋಯಿತು. ಕಡಲನ್ನು ಬಲ್ಲವರ ಕೈಗೇ ಅದರ ಕಾವಲು ಕೊಟ್ಟದ್ದು ಸರಿಯಾದ ನಡೆ ಎಂದು ನನ್ನ ಅಭಿಪ್ರಾಯ. ಆದರೆ ಮಳೆಗಾಲದಲ್ಲಿ ಮನಾಡೊ ನಗರದ ಹೊಳೆಗಳು ಹೊತ್ತು ತರುವ ಪ್ಲಾಸ್ಟಿಕ್ಕನ್ನು ಯಾವ ಗಸ್ತೂ ತಡೆಯಲಾರದು. ಮೀನಿಗೆ ಊಟ ತರುವ ಸೆಳವೇ ಚೀಲ, ಬಾಟಲಿಗಳನ್ನೂ ಗೋಡೆಗೆ ತರುತ್ತದೆ. ಆ ನೀರು ಅಲ್ಲಿಗೇ ನಿಲ್ಲುವುದೂ ಇಲ್ಲ. ಪೆಸಿಫಿಕ್ ಮಹಾಸಾಗರದ ನೀರು ಸುಲಾವೆಸಿ ಕಡಲಿಗೆ ನುಗ್ಗಿ, ಮಕಾಸ್ಸರ್ ಜಲಸಂಧಿಯ ಮೂಲಕ ದಕ್ಷಿಣಕ್ಕೆ ಹರಿದು ಹಿಂದೂ ಮಹಾಸಾಗರವನ್ನು ಸೇರುತ್ತದೆ. ಇಂಡೋನೇಷ್ಯಾದ ದ್ವೀಪಗಳ ನಡುವೆ ಹೀಗೆ ದಾಟುವ ನೀರು ಸೆಕೆಂಡಿಗೆ ಸುಮಾರು 1.5 ಕೋಟಿ ಘನ ಮೀಟರ್. ಬುನಾಕೆನ್ ನಮಗೆ ದೂರದ ಊರು ಅನ್ನಿಸಬಹುದು, ಅದರ ಕಡಲು ಅಷ್ಟು ದೂರದ್ದಲ್ಲ.

ಹರಿವಿನ ಡೈವಿಗೆ ಹೋಗುವವರಲ್ಲಿ ಒಂದು ಕೋರಿಕೆ. ಮೊದಲು ನೇತ್ರಾಣಿಯಲ್ಲೋ ಅಂಡಮಾನಿನಲ್ಲೋ ತಳವಿರುವ ಕಡೆ ಉಸಿರಿನಿಂದ ಮೈಯನ್ನು ನಿಲ್ಲಿಸುವುದನ್ನು ಚೆನ್ನಾಗಿ ಕಲಿತುಕೊಳ್ಳಿ. ಹವಳದ ಮೇಲೆ ಲಂಗರು ಎಸೆಯುವ ದೋಣಿಯನ್ನು ಹತ್ತಬೇಡಿ; ಡ್ರಿಫ್ಟ್ ಡೈವಿಗೆ ಲಂಗರು ಬೇಕಾಗುವುದೇ ಇಲ್ಲ, ಈ ಬಗೆಯ ಡೈವಿಂಗ್ ನನಗೆ ಪ್ರಿಯವಾಗಲು ಅದೂ ಒಂದು ಕಾರಣ. ಬೆರಳು ತಾಗಿದರೂ ಪಾಲಿಪಿನ ಮೈ ಗಾಯವಾಗುತ್ತದೆ, ವರ್ಷಗಟ್ಟಲೆ ಬೆಳೆದ ಕವಲು ಒಂದು ಹಿಡಿತಕ್ಕೆ ಮುರಿಯುತ್ತದೆ. ಕೈಗವಸು ಇದ್ದರೆ ಹಿಡಿಯುವ ಧೈರ್ಯ ಬರುತ್ತದೆ, ಬರಿಗೈ ತಾನಾಗಿ ದೂರ ಉಳಿಯುತ್ತದೆ. ದಯವಿಟ್ಟು ಕೈಗವಸುಗಳನ್ನು ಮನೆಯಲ್ಲೇ ಬಿಟ್ಟು ಹೋಗಿ.